ಔಷಧದಾನ ಮತ್ತು ವೇದಿಕೆಯ ಚೆಕ್ಕು

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯವುಂಟಾಗುವುದೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಈ ಅಳತೆಗೋಲನ್ನು ಹಿಡಿದು ಈಚಿನ ಒಂದು ರೂಢಿಯನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ತೀವ್ರ ಕಾಯಿಲೆಯ ಮಕ್ಕಳ ಸಹಾಯಾರ್ಥವಾಗಿ ಕಂಪನಿಗಳು ನೌಕರರನ್ನು ಕುಟುಂಬಸಮೇತ ಸೇರಿಸಿ, ಓಟ, ಆಟ, ಊಟಗಳನ್ನೇರ್ಪಡಿಸಿ ಹಣ ಸಂಗ್ರಹಿಸುವುದು ಈಗ ಪ್ರಚಲಿತವಾಗಿದೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟವು ಸೇವಾಸಂಸ್ಥೆಗಳಿಗೆ ನಿಧಿ ಕೂಡಿಸುವ ಇಂತಹ ಉತ್ಸವಗಳಿಗೆ ದೊಡ್ಡ ಮಾದರಿ. ಆ ಗಾಳಿ ನಮ್ಮ ತೆಂಗಿನ ಸೀಮೆಗೂ ಬೀಸಿದೆ.

ಕಳೆದ ವರ್ಷ ಹಂದನಕೆರೆಯ ಆಸುಪಾಸಿನ ಒಂದು ಕಂಪನಿಯ ಸಮಾರಂಭಕ್ಕೆ ನನಗೂ ಆಹ್ವಾನವಿತ್ತು. ಮಕ್ಕಳು ಗೋಣಿಚೀಲದ ಓಟ ಓಡಿದರು. ಗೃಹಿಣಿಯರು ತಿಂಡಿ ಮಾರಿ ಹಣ ಕೂಡಿಸಿದರು. ಅವರ ಕರುಣೆಯಲ್ಲಿ ಕೃತ್ರಿಮವಿರಲಿಲ್ಲ. ಕೊನೆಗೆ ರಕ್ತದ ಕ್ಯಾನ್ಸರಿಗೆ ತುತ್ತಾದ ಬಾಲಕನೊಬ್ಬನನ್ನು ವೇದಿಕೆಗೆ ಕರೆತಂದು, ಬಾಗಿಲಿನಷ್ಟು ದೊಡ್ಡ ಚೆಕ್ಕಿನ ಹಲಗೆಯನ್ನು ಕೈಗಿತ್ತರು. ಇನ್ನೊಂದು ಅಂಚನ್ನು ಹಿಡಿದು ಛಾಯಾಚಿತ್ರಕ್ಕೆ ನಿಂತವನು ನಾನೇ. ಬಾಲಕನು ಟೋಪಿಯನ್ನು ಮತ್ತೆ ಮತ್ತೆ ಕೆಳಗೆಳೆದುಕೊಳ್ಳುತ್ತಿದ್ದನು. ನಾಲ್ಕು ತಿಂಗಳ ತರುವಾಯ ಅವನ ತಂದೆ ನಮ್ಮ ಮಂಡಿಗೆ ಬಂದು, ಬೆಂಗಳೂರಿಗೆ ಹೋಗಿಬರುವ ಖರ್ಚಿಗೆ ಸಾಲ ಕೇಳಿದರು.

ಮೊದಲು ವಿಧಿ. ರೋಗಿಯಾದ ಮಗುವನ್ನು ನೂರಾರು ಕಣ್ಣುಗಳ ಮುಂದೆ ನಿಲ್ಲಿಸಿ ಕೊಡುವಾಗ ಔಷಧದಾನವಾದೀತು, ಅಭಯದಾನವು ಕೆಡುತ್ತದೆ. ನಾಚಿಕೆಯಿಂದ ಕುಗ್ಗಿಸುವುದೂ ಹಿಂಸೆಯೇ.

ಎರಡನೆಯದು ದ್ರವ್ಯ. ತಿಪಟೂರಿನಲ್ಲಿ ಕೊಬ್ಬರಿ ತೂಗುವಾಗ ಚೀಲದ ತೂಕವನ್ನು ಕಳೆಯುತ್ತೇವೆ. ಶಾಮಿಯಾನ, ಧ್ವನಿವರ್ಧಕ, ಹಾರ, ಶಾಲುಗಳ ವೆಚ್ಚವನ್ನು ಕಳೆದು ಉಳಿದದ್ದೆಷ್ಟೆಂದು ಆ ದಿನ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೂರನೆಯದು ದಾತೃ. ಹಣ ತೆತ್ತವರು ನೌಕರರು. ಹಲಗೆಯ ಮೇಲಿದ್ದುದು ಕಂಪನಿಯ ಹೆಸರು. 2013ರ ಕಂಪನಿ ಕಾಯಿದೆಯ 135ನೆಯ ಕಲಮು, ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾಗಿ ವ್ಯಯಿಸಬೇಕೆನ್ನುತ್ತದೆ. ಮ್ಯಾರಥಾನಿನಂತಹ ಒಂದು ದಿನದ ಉತ್ಸವಗಳು ಈ ಲೆಕ್ಕಕ್ಕೆ ಸೇರುವುದಿಲ್ಲವೆಂದು ಕೇಂದ್ರ ಸರ್ಕಾರವು 2014ರ ಜೂನ್ 18ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಉತ್ಸವ ಬೇರೆ, ಸೇವೆ ಬೇರೆ ಎಂಬುದನ್ನು ಕಾನೂನೂ ಗುರುತಿಸಿದೆ.

ಕಡೆಯದು ಪಾತ್ರ. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ತೀವ್ರ ಥಲಸ್ಸೇಮಿಯಾದ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಬೇಕು. ತಿಪಟೂರಿನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರಿಗೆ ಔಷಧವೊಂದೇ ಖರ್ಚಲ್ಲ. ಪ್ರಯಾಣ, ವಸತಿ, ಊಟ, ತಪ್ಪಿದ ಕೂಲಿ ಎಲ್ಲವೂ ಸೇರುತ್ತವೆ. ನಡುವೆ ಚಿಕಿತ್ಸೆ ನಿಂತರೆ ಮೊದಲು ಕೊಟ್ಟದ್ದೂ ವ್ಯರ್ಥವಾಗಬಹುದು. ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ಕಾಲಾತಿಕ್ರಮವೂ ಒಂದು. ಅದು ಮುನಿಗಳ ಆಹಾರದಾನವನ್ನು ಕುರಿತದ್ದಾದರೂ, ಹೊತ್ತಿಗೆ ಒದಗದ ದಾನವು ದೋಷಯುಕ್ತವೆಂಬ ತತ್ತ್ವ ಇಲ್ಲಿಗೂ ಸಲ್ಲುತ್ತದೆ.

ಹಾಗೆಂದು ಇಂತಹ ಕೂಟಗಳನ್ನು ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಮಕ್ಕಳು ಕೊಡುವುದನ್ನು ಕಲಿಯುವುದು ಇಂತಹ ದಿನಗಳಲ್ಲೇ. ಆದರೆ ಉತ್ಸವದ ವೆಚ್ಚವನ್ನು ಕಂಪನಿಯೇ ಭರಿಸಲಿ, ಸಂಗ್ರಹವು ಇಡಿಯಾಗಿ ಆಸ್ಪತ್ರೆಯ ಮೂಲಕ ಚಿಕಿತ್ಸೆ ಮುಗಿಯುವವರೆಗೆ ಕಂತುಕಂತಾಗಿ ಸಲ್ಲಲಿ, ಲೆಕ್ಕವನ್ನು ಪ್ರಕಟಿಸಲಿ, ಮಗುವಿನ ಮುಖ, ಹೆಸರು ಮರೆಯಲ್ಲಿರಲಿ.

ಕಂಪನಿಯನ್ನು ಮಾತ್ರ ದೂರುವ ಅಧಿಕಾರ ನಮಗೂ ಇಲ್ಲ. ಬಸದಿಯ ಮೆಟ್ಟಿಲಿಗೂ ದಾನಿಯ ಹೆಸರು ಕೆತ್ತಿಸುವವರು ನಾವು. ನಮ್ಮ ಟ್ರಸ್ಟುಗಳು ವರ್ಷಕ್ಕೆ ಒಂದು ಮಗುವಿನ ಬಸ್ಸು, ವಸತಿ, ಊಟದ ಹೊಣೆಯನ್ನು ಹೆಸರಿಲ್ಲದೆ ಹೊರಲಿ. ನಾನಂತೂ ಆ ಛಾಯಾಚಿತ್ರವನ್ನು ಮಂಡಿಯ ಗೋಡೆಯಿಂದ ಇಳಿಸಿದ್ದೇನೆ.