ನೈಕ್ವಿಸ್ಟನ ನಿಯಮದ ಗುಣವೂ ಋಣವೂ

ಸ್ವೀಡನ್ನಿನಲ್ಲಿ ಜನಿಸಿ ಅಮೆರಿಕಕ್ಕೆ ವಲಸೆಹೋಗಿ ಅಲ್ಲಿಯ ದೂರವಾಣಿ ಸಂಸ್ಥೆಯಲ್ಲಿ ಎಂಜಿನಿಯರನಾಗಿದ್ದ ಹ್ಯಾರಿ ನೈಕ್ವಿಸ್ಟನು 1928ರಲ್ಲಿ ಪ್ರಕಟಿಸಿದ ಪ್ರಬಂಧವು ತಂತಿವಾರ್ತೆಗಾಗಿ ಹುಟ್ಟಿದುದಾದರೂ, ತಂತಿಯ ಕಾಲವು ಅಸ್ತಮಿಸಿದ ಮೇಲೆಯೂ ಡಿಜಿಟಲ್ ಸಂಪರ್ಕಶಾಸ್ತ್ರಕ್ಕೆ ಆಧಾರವಾಗಿ ನಿಂತಿದೆ. ಪರಿಮಿತವಾದ ಬ್ಯಾಂಡ್‌ವಿಡ್ತಿನಲ್ಲಿ ಸಾಗುವ ಯಾವ ಪಲ್ಸೂ ತನಗೆ ಗೊತ್ತುಮಾಡಿದ ಅವಧಿಯೊಳಗೇ ಮುಗಿದುಹೋಗಲಾರದು; ಅದರ ಬಾಲವು ನೆರೆಯ ಪಲ್ಸುಗಳ ಮೇಲೆ ಚಾಚಿಯೇ ತೀರುವುದು. ಈ ಅತಿಕ್ರಮಣವನ್ನು ತಡೆಯಹೊರಡದೆ, ಗ್ರಾಹಕಯಂತ್ರವು ಅಳತೆಮಾಡುವ ಕ್ಷಣಗಳಲ್ಲಿ ಮಾತ್ರ ಇತರ ಪಲ್ಸುಗಳೆಲ್ಲವೂ ಶೂನ್ಯವಾಗಿದ್ದರೆ ಸಾಕೆಂದು ಬಗೆದುದರಲ್ಲಿಯೇ ಆತನ ಪ್ರತಿಭೆ ಅಡಗಿದೆ.

ಆದರೆ ಕ್ಷಣವನ್ನು ನಂಬಿದ ನಿಯಮವು ಗಡಿಯಾರಕ್ಕೆ ಋಣಿಯಾಗಲೇಬೇಕು. ಸೆಕೆಂಡಿಗೆ ಕಳುಹುವ ಪಲ್ಸುಗಳ ಸಂಖ್ಯೆಯ ಅರ್ಧದಷ್ಟೇ ಹರ್ಟ್ಸ್‌ಗಳಲ್ಲಿ ತೃಪ್ತಿಪಡುವ ಆದರ್ಶ ಸಿಂಕ್ ಪಲ್ಸಿನ ಬಾಲವು ಕಾಲಕ್ಕೆ ವಿಲೋಮವಾಗಿ ಅತಿ ನಿಧಾನವಾಗಿ ಕ್ಷಯಿಸುವುದರಿಂದ, ಅಳೆಯುವ ಕ್ಷಣವು ಕೂದಲೆಳೆಯಷ್ಟು ತಪ್ಪಿದರೂ, ದುರದೃಷ್ಟದ ಪಲ್ಸುಮಾಲೆಯೊಂದರಲ್ಲಿ ನೆರೆಯ ದೋಷಗಳ ಮೊತ್ತವು ಮಿತಿಯಿಲ್ಲದೆ ಬೆಳೆಯಬಲ್ಲುದು. ರೈಸ್ಡ್ ಕೊಸೈನ್ ಎಂಬ ರೂಪದಲ್ಲಾದರೋ ಬಾಲವು ಕಾಲದ ಘನಕ್ಕೆ ವಿಲೋಮವಾಗಿ ಬೇಗನೆ ಅಡಗುವುದು. ಅದಕ್ಕೆ ತೆರುವ ಬೆಲೆ ಬ್ಯಾಂಡ್‌ವಿಡ್ತು. ಮೂರನೆಯ ತಲೆಮಾರಿನ ಡಬ್ಲ್ಯು.ಸಿ.ಡಿ.ಎಂ.ಎ. ಮೊಬೈಲ್ ವ್ಯವಸ್ಥೆಯು ಸೆಕೆಂಡಿಗೆ ಚಿಪ್ ಎಂಬ 38.4 ಲಕ್ಷ ಕಿರುಪಲ್ಸುಗಳನ್ನು ಹೆಚ್ಚುವರಿ ಬ್ಯಾಂಡ್‌ವಿಡ್ತಿನ ಪ್ರಮಾಣವಾದ 0.22ರ ರೋಲ್-ಆಫ್‌ನೊಡನೆ ಕಳುಹಿ, ವಾಹಕದ ಎರಡೂ ಪಾರ್ಶ್ವಗಳನ್ನು ಸೇರಿಸಿ 3.84 ಮೆಗಾಹರ್ಟ್ಸ್ ಸಾಲುತ್ತಿದ್ದೆಡೆಯಲ್ಲಿ ಸುಮಾರು 4.68ನ್ನು ವ್ಯಯಮಾಡಿದುದು ಅಪವ್ಯಯವಲ್ಲ, ವಿವೇಕ.

1966ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಚಾಂಗ್ ಪ್ರತಿಪಾದಿಸಿ, 1971ರಲ್ಲಿ ವೈನ್‌ಸ್ಟೈನ್ ಮತ್ತು ಎಬರ್ಟ್ ಫೂರಿಯೆ ಪರಿವರ್ತನೆಯಿಂದ ಸುಲಭಸಾಧ್ಯವಾಗಿಸಿದ, ಸಂದೇಶವನ್ನು ಹಲವು ಉಪವಾಹಕಗಳಿಗೆ ಹಂಚಿ ಕಳುಹುವ ಓ.ಎಫ್.ಡಿ.ಎಂ. ಪದ್ಧತಿಯಲ್ಲಿ, ಅಳತೆಯ ಬಿಂದುವಿನಲ್ಲಿ ಮಾತ್ರ ಶೂನ್ಯವಿದ್ದರೆ ಸಾಕೆಂಬ ಇದೇ ತತ್ತ್ವವು ಕಾಲದಿಂದ ಆವೃತ್ತಿಗೆ ಸ್ಥಾನಾಂತರ ಹೊಂದಿದೆ. ನಾಲ್ಕನೆಯ ತಲೆಮಾರಿನ ಎಲ್.ಟಿ.ಇ. ಮೊಬೈಲ್ ವ್ಯವಸ್ಥೆಯಲ್ಲಿ 15 ಕಿಲೋಹರ್ಟ್ಸ್ ಅಂತರದ ಉಪವಾಹಕಗಳು ಪರಸ್ಪರ ಹೊದ್ದುಕೊಂಡಿದ್ದರೂ, ಒಂದರ ಶಿಖರದಲ್ಲಿ ಉಳಿದವು ಶೂನ್ಯವಾಗಿರುವುವು. ಗುಣವು ಸ್ಥಾನಾಂತರಗೊಂಡಂತೆ ಋಣವೂ ಸ್ಥಾನಾಂತರಗೊಂಡಿದೆ: ಇಲ್ಲಿ ಅಪಾಯವಿರುವುದು ಆವೃತ್ತಿಯ ಚ್ಯುತಿಯಲ್ಲಿ. ವೇಗವಾಗಿ ಓಡುವ ರೈಲಿನಲ್ಲಿ ಡಾಪ್ಲರ್ ಪರಿಣಾಮದಿಂದ ಆವೃತ್ತಿಗಳು ಸರಿದೊಡನೆ ಆ ಶೂನ್ಯಗಳು ಸ್ಥಾನಭ್ರಷ್ಟವಾಗುವುವು. ಅಲ್ಲದೆ, ಪ್ರತಿಧ್ವನಿಗಳಿಂದ ರಕ್ಷಣೆಗೆಂದು 66.7 ಮೈಕ್ರೊಸೆಕೆಂಡಿನ ಪ್ರತಿ ಸಂಕೇತದ ಮುಂದೆ ಸುಮಾರು 4.7 ಮೈಕ್ರೊಸೆಕೆಂಡಿನ ಆವರ್ತಪೂರ್ವಭಾಗವನ್ನು (ಸೈಕ್ಲಿಕ್ ಪ್ರಿಫಿಕ್ಸ್) ಸೇರಿಸಬೇಕಾಗಿರುವುದರಿಂದ, ಕಾಲದ ಶೇಕಡ ಏಳರಷ್ಟು ಸುಂಕವಾಗಿ ಹೋಗುವುದು.

ಆದಕಾರಣ ಈ ನಿಯಮವು ಪರಸ್ಪರ ಬಾಧೆಯನ್ನು ನಿವಾರಿಸಿತೆಂದು ಪ್ರಶಂಸಿಸುವುದು ಅರ್ಧಸತ್ಯ. ಬಾಧೆಯ ಹೊಣೆಯನ್ನು ಅದು ಸಂವಹನಮಾರ್ಗದಿಂದ ಯಂತ್ರದ ಕಾಲ-ಆವೃತ್ತಿಗಳ ಸಮನ್ವಯಕ್ಕೆ ಹೊರಿಸಿತೆಂಬುದೇ ಪೂರ್ಣಸತ್ಯ. ಬ್ಯಾಂಡ್‌ವಿಡ್ತು ದುರ್ಲಭವಾಗಿ, ನಿಖರವಾದ ಗಡಿಯಾರವು ಸುಲಭವಾಗುತ್ತ ಬಂದ ನಮ್ಮ ಯುಗಕ್ಕೆ ಈ ವಿನಿಮಯವು ಲಾಭದ್ದೇ. ಆದರೂ ಪಲ್ಸಿನ ರೂಪವನ್ನು ವಿಸ್ತರಿಸಿ ಬೋಧಿಸುವವರು ಸಮನ್ವಯದ ಪ್ರಕರಣವನ್ನು ಅನುಬಂಧಕ್ಕೆ ತಳ್ಳಿದರೆ, ವಿದ್ಯಾರ್ಥಿಯು ಗುಣವನ್ನು ಕಲಿತು ಋಣವನ್ನು ಕಾರ್ಯಕ್ಷೇತ್ರದಲ್ಲಿ ತೀರಿಸಬೇಕಾಗುವುದು.