45 ಡಿಗ್ರಿಯ ಸುಳ್ಳುಸಾಕ್ಷಿ

ಹತ್ತನೆಯ ತರಗತಿಯ ಗಣಿತದಲ್ಲಿ ನನಗೆ ಎಲ್ಲಕ್ಕಿಂತ ರುಚಿಸುವುದು ತ್ರಿಕೋನಮಿತಿಯ ನಿತ್ಯಸಮೀಕರಣಗಳು. ಮಕ್ಕಳಿಗೆ ಅವೇ ಬೇವು. ‘ಎಂದು ಸಾಧಿಸಿ’ ಅಂತ ಕಂಡದ್ದೇ ತಡ, ಎಡಭಾಗ ಬರೆದು ಓಡತೊಡಗುತ್ತಾರೆ. ಕೊಟ್ಟದ್ದು ನಿಜವೇ ಎಂದು ಕೇಳುವವರಿಲ್ಲ. ಹಲಗೆಯಿಂದ ನೋಟ್‌ಬುಕ್ಕಿಗೆ, ಅಲ್ಲಿಂದ ಗೆಳತಿಯ ವಾಟ್ಸ್‌ಆ್ಯಪ್‌ಗೆ ಇಳಿಯುವಷ್ಟರಲ್ಲಿ ‘ಸೆಕ್’ ಇದ್ದದ್ದು ‘ಕೊಸೆಕ್’ ಆಗಿರಬಹುದು.

ಇಳಕಲ್ಲಿನ ಹುಡುಗಿಯೊಬ್ಬಳು ಈಚೆಗೆ ತಂದದ್ದು ಇಂಥದೇ ಲೆಕ್ಕ. ಕಾಸ್ ಎ ಅನ್ನು ‘1 + ಸೈನ್ ಎ’ಯಿಂದ ಭಾಗಿಸಿ, ಬಂದದ್ದಕ್ಕೆ ಅದರದೇ ವ್ಯುತ್ಕ್ರಮ ಕೂಡಿಸಿದರೆ 2 ಕೊಸೆಕ್ ಎ ಎಂದು ಸಾಧಿಸಬೇಕು. “ಕಾಕಾ, ಬಲಭಾಗ ಬರವಲ್ದ್ರಿ. 45 ಇಟ್ಟು ನೋಡಿದ್ರ ಮಾತ್ರ ಎರಡೂ ಕಡೆ ಒಂದಽ ಬರತೈತಿ.”

ಇಟ್ಟು ನೋಡುವ ಬುದ್ಧಿ ಬಂದದ್ದೇ ದೊಡ್ಡದು. ಆದರೆ ಪರೀಕ್ಷೆಗೆ 45ರಷ್ಟು ಕೆಟ್ಟ ಕೋನ ಇನ್ನೊಂದಿಲ್ಲ. ಅಲ್ಲಿ ಸೈನ್ ಮತ್ತು ಕಾಸ್ ಸಮ. ಒಂದರ ಜಾಗದಲ್ಲಿ ಇನ್ನೊಂದು ಕೂತರೂ ಗೊತ್ತಾಗದು. ಎಡಕ್ಕೆ 2√2, ಬಲಕ್ಕೂ 2√2. 0 ಮತ್ತು 90 ಕೂಡ ನಂಬಿಕಸ್ಥರಲ್ಲ. ಸೈನ್, ಕಾಸ್ ಕೂಡಿಸಿ ವರ್ಗ ಮಾಡಿದರೆ ‘1 + ಸೈನ್ ಎ ಕಾಸ್ ಎ’ ಎಂದು 2 ಬಿಟ್ಟು ಬರೆದವನಿಗೂ ಇವೆರಡೂ ಹೌದು ಎಂದೇ ಹೇಳುತ್ತವೆ.

ನನ್ನ ಕೋನಕ್ಕೆ ಡಿಗ್ರಿಯ ಹಂಗಿಲ್ಲ. ಬಾದಾಮಿ, ಹುನಗುಂದದ ಕಡೆ ಗೌಂಡಿ ಪಾಯದ ಮೂಲೆ ನೋಡುವಾಗ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ನಡುವೆ ಟೇಪು ಎಳೆಯುತ್ತಾನೆ. 5 ಬಂದರೆ ಮೂಲೆ ಸರಿ. ಆ ತ್ರಿಭುಜದ ಚಿಕ್ಕ ಕೋನದ ಸೈನ್ 3/5, ಕಾಸ್ 4/5. ಕ್ಯಾಲ್ಕುಲೇಟರ್ ಬೇಡ, √3ರ ರಗಳೆ ಇಲ್ಲ. ಹುಡುಗಿಯ ಲೆಕ್ಕದಲ್ಲಿ ಇಟ್ಟರೆ ಎಡಭಾಗ 1/2 + 2, ಅಂದರೆ 5/2. ಬಲಭಾಗ 10/3. ಮುಗಿಯಿತು. ಒಂದೇ ಒಂದು ಕೋನದಲ್ಲಿ ಮುರಿದರೆ ಅದು ನಿತ್ಯಸಮೀಕರಣವೇ ಅಲ್ಲ. ಬಲಕ್ಕೆ 2 ಸೆಕ್ ಎ ಇಟ್ಟರೆ 5/2 ಸರಿಯಾಗಿ ಬರುತ್ತದೆ. ಪುಸ್ತಕದಲ್ಲಿ ಇರುವುದೂ ಅದೇ.

ಹೊಂದಿದರೆ? ಆಗ ಅನುಮಾನ ಕಡಿಮೆಯಾಯಿತು, ಅಷ್ಟೇ. 5-12-13 ಅನ್ನೂ ಇಟ್ಟು ನೋಡಿ, ಆಮೇಲೆ ಸಾಧನೆಗೆ ಇಳಿಯಬೇಕು. ಎರಡೂ ಕಡೆ ವರ್ಗ ಮಾಡಿ ‘ಸಮ ಬಂತು’ ಎನ್ನುವವರನ್ನು ನಾನು ಒಪ್ಪುವುದಿಲ್ಲ. ವರ್ಗ ಮಾಡಿದರೆ -1 ಕೂಡ 1 ಆಗುತ್ತದೆ. ವರ್ಗಮೂಲ ಇದ್ದಲ್ಲಂತೂ ಇನ್ನೂ ಎಚ್ಚರ ಬೇಕು. ‘1 + ಸೈನ್ ಎ’ಯನ್ನು ‘1 - ಸೈನ್ ಎ’ಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಸೆಕ್ ಎ + ಟ್ಯಾನ್ ಎ ಎಂಬುದು 30 ಡಿಗ್ರಿಗೆ ನಿಜ, ಎರಡೂ ಕಡೆ √3. 150 ಡಿಗ್ರಿಗೆ ಎಡಕ್ಕೆ √3, ಬಲಕ್ಕೆ -√3. ಅಭ್ಯಾಸದ ತಲೆಯ ಮೇಲೆ ‘ಲಘುಕೋನ’ ಎಂದು ಬರೆದಿರುವುದು ಸುಮ್ಮನೆ ಅಲ್ಲ. ಅದನ್ನು ಓದುವವರು ಮಾತ್ರ ಕಡಿಮೆ.

ಅದೇ ಅಧ್ಯಾಯದಲ್ಲಿ ಒಂದು ಸರಿ-ತಪ್ಪು ಪ್ರಶ್ನೆಯಿದೆ: ಸೈನ್ (ಎ + ಬಿ) ಎಂದರೆ ಸೈನ್ ಎ + ಸೈನ್ ಬಿಯೇ? 60, 30 ಇಟ್ಟರೆ ಎಡಕ್ಕೆ 1, ಬಲಕ್ಕೆ 1.366. ಹಾಗಾದರೆ ಸರಿ ಯಾವುದು ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ಹೇಳಿದ್ದಾನೆ. ಅವನ ಊರು ವಿಜ್ಜಡವಿಡ ನಮ್ಮ ವಿಜಾಪುರವೇ ಎನ್ನುವವರಿದ್ದಾರೆ (ಬಾಗಲಕೋಟೆ 1997ರವರೆಗೆ ಆ ಜಿಲ್ಲೆಯದೇ ತಾಲ್ಲೂಕು), ಮಹಾರಾಷ್ಟ್ರದತ್ತ ಕೈ ತೋರಿಸುವವರೂ ಇದ್ದಾರೆ. ಆ ತಕರಾರು ಅವರಿಗಿರಲಿ. 1150ರ ‘ಸಿದ್ಧಾಂತ ಶಿರೋಮಣಿ’ಯ ಜ್ಯೋತ್ಪತ್ತಿ ಭಾಗದಲ್ಲಿ ಎರಡು ಕೋನಗಳ ಮೊತ್ತದ ಜ್ಯಾ ತೆಗೆಯುವ ಕ್ರಮವಿದೆ. ಈಗಿನ ಮಾತಿನಲ್ಲಿ: ಸೈನ್ ಎ ಕಾಸ್ ಬಿ, ಕಾಸ್ ಎ ಸೈನ್ ಬಿ, ಎರಡನ್ನೂ ಕೂಡಿಸಿ. 60, 30 ಇಟ್ಟರೆ 3/4 + 1/4. ಲೆಕ್ಕ ಹೊಂದಿತು.

ಈ ವಾರದ ಮನೆಗೆಲಸ ಎರಡು ಸಾಲು. ಒಂದು: ಸೈನ್‌ನ 4ನೇ ಘಾತ + ಕಾಸ್‌ನ 4ನೇ ಘಾತ = 1. ಎರಡು: ಸೈನ್‌ನ 4ನೇ ಘಾತ - ಕಾಸ್‌ನ 4ನೇ ಘಾತ = ಸೈನ್ ವರ್ಗ - ಕಾಸ್ ವರ್ಗ. ಒಂದು ನಿಜ, ಒಂದು ಸುಳ್ಳು. 0 ಮತ್ತು 90 ಎರಡನ್ನೂ ಪಾಸು ಮಾಡುತ್ತವೆ. ಅವುಗಳ ಮಾತು ಕೇಳಬೇಡಿ.