ರಿಕ್ವೆಸ್ಟ್ ಬಂತಾ, ಕಳಿಸಬೇಕಾ?

ಇಂಗ್ಲಿಷಿನ ‘ರಿಕ್ವೆಸ್ಟ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ನಮ್ಮಲ್ಲಿ ಹಂಗಲ್ಲ. ಭಾಲ್ಕಿ ತಾಲೂಕಿನ ಸಾಯಗಾಂವದ ಕಡೆ ಕನ್ನಡದಾಗ ‘ಫೋನ್ ಮಾಡು’ ಅಂತೀವಿ. ಮರಾಠಿಯಲ್ಲೂ ಉರ್ದುವಿನಲ್ಲೂ ‘ಫೋನ್ ಕರ್’. ಮೂರೂ ಭಾಷೆ ಇಂಗ್ಲಿಷ್ ಪದವನ್ನು ಹೆಸರಾಗಿ ತಗೊಂಡು, ಕೆಲಸಕ್ಕೆ ತಮ್ಮದೇ ಕ್ರಿಯಾಪದ ಹಚ್ಚುತ್ತವೆ.

ಎಷ್ಟೋ ಕನ್ನಡ ಆ್ಯಪ್‌ಗಳಿಗೆ ಈ ವ್ಯಾಕರಣ ಗೊತ್ತಿಲ್ಲ. ಬಟನ್ ಮೇಲೆ ಬರೀ ‘ಅಪ್‌ಡೇಟ್’, ‘ರಿಕ್ವೆಸ್ಟ್’ ಅಂತಿದ್ದರೆ ಅದು ಸುದ್ದಿಯೋ, ಆಜ್ಞೆಯೋ? ಇಂಗ್ಲಿಷ್ ಬಲ್ಲ ನಾವು ಅಂದಾಜು ಮಾಡ್ತೀವಿ. ಊರಲ್ಲಿ ಒಬ್ಬಳೇ ಫೋನ್ ಹಿಡಿದು ಕೂತ ಅವ್ವ ಏನು ಮಾಡಬೇಕು? ಯುಪಿಐನಲ್ಲಿ ದುಡ್ಡು ಪಡೆಯೋಕೆ ಪಿನ್ ಬೇಕಿಲ್ಲ. ‘ದುಡ್ಡು ಬರುತ್ತೆ, ಪಿನ್ ಹಾಕಿ’ ಅನ್ನೋ ಮೋಸಗಾರನಿಗೆ ಇಂಥ ಗೊಂದಲವೇ ಬಂಡವಾಳ.

ತಪ್ಪು ಅನುವಾದಕರದಷ್ಟೇ ಅಲ್ಲ. ಸಾಮಾನ್ಯವಾಗಿ ಅವರ ಕೈಗೆ ಸಿಗೋದು ಒಂಟಿ ಪದಗಳ ಪಟ್ಟಿ, ಸ್ಕ್ರೀನ್ ಕಾಣೋದಿಲ್ಲ. ‘ಗೆಟ್‌ಟೆಕ್ಸ್ಟ್’ನಂಥ ಸಾಧನದಲ್ಲಿ ಪದದ ಸಂದರ್ಭ ಬರೆಯೋಕೆ ಬೇರೆ ಜಾಗವೇ ಇದೆ. ಅದನ್ನು ತುಂಬಬೇಕಾದವರು ಕೋಡ್ ಬರೆಯೋರು.

ಇಂಗ್ಲಿಷ್ ಪದ ಇರಲಿ ಬಿಡಿ, ಮಡಿವಂತಿಕೆ ಬೇಡ. ಪಕ್ಕದಲ್ಲಿ ‘ಬಂದಿದೆ’ ಅಂತಲೋ ‘ಕಳಿಸಿ’ ಅಂತಲೋ ಒಂದು ಕನ್ನಡ ಕ್ರಿಯಾಪದ ಹಚ್ಚಿ. ಅಷ್ಟು ಸಾಕು.